ಹಳಿಯ ಮೇಲೆ ಸೈಕಲ್



ಸ್ವಲ್ಪ ಮುಂದೆ ಬಂದು ಕೂತ್ಕೊಳ್ಳಿ. ಹಿಂದೆ ಇರುವವರಿಗೂ ಕೇಳಬೇಕು. ಇವತ್ತು ನಾವು ದೂರದ ಒಂದು ಊರಿಗೆ ಹೋಗಿ ಬರೋಣ. ಟಿಕೆಟ್ ಬೇಡ, ಬುತ್ತಿಯೂ ಬೇಡ. ಕೂತಲ್ಲೇ ಹೋಗೋಣ. ನಿಜ ಹೇಳಬೇಕು ಅಂದ್ರೆ ನಾವೂ ಅಲ್ಲಿಗೆ ಹೋಗಿ ಬಂದವರಲ್ಲ. ಓದಿ, ಪಟ ನೋಡಿ ತಿಳಿದುಕೊಂಡಿದ್ದೀವಿ. ಅದನ್ನೇ ನಿಮಗೆ ಹೇಳ್ತೀವಿ.

ಆ ದೇಶದ ಹೆಸರು ಕೊರಿಯ. ಭೂಪಟದಲ್ಲಿ ನಮ್ಮ ಭಾರತದಿಂದ ಬಲಗಡೆಗೆ ಬೆರಳು ಸರಿಸಿ. ಚೀನಾ ದೇಶ ದಾಟಿ. ಜಪಾನ್ ಸಿಗುವ ಮೊದಲು ಸಮುದ್ರದ ಒಳಕ್ಕೆ ನಾಲಿಗೆ ಚಾಚಿದ ಹಾಗೆ ಒಂದು ನೆಲ ಇದೆ. ಅದೇ ಕೊರಿಯ. ಅದು ಈಗ ಎರಡು ದೇಶ. ನಾವು ಹೋಗುವುದು ದಕ್ಷಿಣ ಕೊರಿಯಕ್ಕೆ. ಅದರ ಪೂರ್ವದಲ್ಲಿ ಬರೀ ಬೆಟ್ಟ. ಆ ಬೆಟ್ಟಗಳ ನಡುವೆ ಜೊಂಗ್‌ಸನ್ ಅಂತ ಒಂದು ಸೀಮೆ. ನಮ್ಮ ತಾಲ್ಲೂಕು ಇದ್ದ ಹಾಗೆ ಅನ್ನಿ. ಆ ಸೀಮೆಯ ಒಂದು ಮೂಲೆಯಲ್ಲಿ ಗುಜೊಲ್‌ರಿ ಎಂಬ ಊರು ಇದೆ. ಅಕ್ಷರ ಬಿಡಿಸಿ ಓದಿ: ಗು, ಜೊಲ್, ರಿ. ಅವರ ಭಾಷೆಯಲ್ಲಿ 'ರಿ' ಅಂದ್ರೆ ಹಳ್ಳಿ. ನಮ್ಮಲ್ಲಿ ಊರ ಹೆಸರಿನ ಕೊನೆಗೆ 'ಹಳ್ಳಿ' ಅಂತ ಬರುತ್ತಲ್ಲ, ಹಾಗೇ.

ಈ ಗುಜೊಲ್‌ರಿಯಲ್ಲಿ ರೈಲು ಹಳಿ ಇದೆ. ನಿಲ್ದಾಣವೂ ಇದೆ. ಆದರೆ ಮಾಮೂಲಿ ರೈಲು ಬರುವುದಿಲ್ಲ. ಹಳಿಯ ಮೇಲೆ ಸೈಕಲ್ ಓಡುತ್ತದೆ! ಜನ ದುಡ್ಡು ಕೊಟ್ಟು ಆ ಸೈಕಲ್ ತುಳಿಯಲು ಎಲ್ಲಿಂದಲೋ ಬರುತ್ತಾರೆ.

ಇದೇನಪ್ಪಾ ಹುಚ್ಚು ಅಂತೀರಾ? ಮೊದಲು ಆ ಹಳಿ ಯಾಕೆ ಬಂತು ಅಂತ ತಿಳಿಯೋಣ. ಆಮೇಲೆ ಸೈಕಲ್ ಹತ್ತೋಣ.

ಜೊಂಗ್‌ಸನ್ ಸೀಮೆಯಲ್ಲಿ ಗದ್ದೆ ಕಡಿಮೆ. ಬೆಟ್ಟದ ಇಳಿಜಾರಿನಲ್ಲಿ ಜೋಳ, ಆಲೂಗಡ್ಡೆ ಬೆಳೆಯುತ್ತಿದ್ದರು. ಬರಗಾಲದಲ್ಲಿ ಬೆಟ್ಟದ ಸೊಪ್ಪು ಬೇಯಿಸಿ, ಅದಕ್ಕೆ ಹಿಡಿ ಕಾಳು ಹಾಕಿ ಗಂಜಿ ಮಾಡಿಕೊಂಡು ಕುಡಿದು ಬದುಕಿದವರು. ಅಂಥ ಒಂದು ಸೊಪ್ಪಿಗೆ ಗೊಂದ್ರೆ ಅಂತ ಹೆಸರು. ಈಗ ಅದೇ ಸೊಪ್ಪಿನ ಅನ್ನವನ್ನು ಪಟ್ಟಣದವರು ಹುಡುಕಿಕೊಂಡು ಬಂದು ತಿನ್ನುತ್ತಾರಂತೆ. ನಮ್ಮಲ್ಲಿ ರಾಗಿ ಮುದ್ದೆಗೆ ಈಗ ಹೋಟೆಲಿನಲ್ಲಿ ರೇಟು ಏರಿಲ್ಲವೇ? ಹಾಗೇ.

ಆ ಬೆಟ್ಟದ ಹೊಟ್ಟೆಯಲ್ಲಿ ಕಲ್ಲಿದ್ದಲು ಇತ್ತು. ಕೊರಿಯದಲ್ಲಿ 1950ರಿಂದ 1953ರವರೆಗೆ ದೊಡ್ಡ ಯುದ್ಧ ನಡೆಯಿತು. ದೇಶ ಸುಟ್ಟು ಹೋಗಿತ್ತು. ಆಮೇಲೆ ಕಾರ್ಖಾನೆ ಕಟ್ಟಬೇಕು, ಮನೆ ಬೆಚ್ಚಗೆ ಇಡಬೇಕು. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಒಲೆ ಆರಿದರೆ ಮಕ್ಕಳು ಉಳಿಯುವುದಿಲ್ಲ. ಕಾಡಿನ ಮರ ಎಲ್ಲಾ ಕಡಿದು ಮುಗಿದಿತ್ತು. ಅದಕ್ಕೇ ಕಲ್ಲಿದ್ದಲು ಬೇಕಾಯಿತು.

ಕಲ್ಲಿದ್ದಲನ್ನು ಬೆಟ್ಟದಿಂದ ತರುವುದು ಹೇಗೆ? ರೈಲಿನಿಂದಲೇ. ಹಳಿ ಒಂದೇ ಸಲ ಬರಲಿಲ್ಲ. 1967ರಲ್ಲಿ ಜೊಂಗ್‌ಸನ್ ಪಟ್ಟಣದವರೆಗೆ ಬಂತು. 1971ರಲ್ಲಿ ಇನ್ನೂ ಮುಂದೆ ಆವುರಾಜಿ ಎಂಬ ಕಡೆಗೆ ಬಂತು. 1974ರಲ್ಲಿ ಕೊನೆಗೆ ಗುಜೊಲ್‌ರಿ ಮುಟ್ಟಿತು. ಒಟ್ಟು ಸುಮಾರು 46 ಕಿಲೋಮೀಟರ್. ಬೆಟ್ಟ ಕೊರೆದು ಸುರಂಗ ಮಾಡಿದರು. ಹೊಳೆಗೆ ಸೇತುವೆ ಕಟ್ಟಿದರು. ಗುಜೊಲ್‌ರಿ ಕಡೇ ನಿಲ್ದಾಣ. ಅಲ್ಲಿಂದ ಮುಂದೆ ಹಳಿ ಇಲ್ಲ, ಬೆಟ್ಟ ಅಷ್ಟೇ.

ಆ ಕಲ್ಲಿದ್ದಲನ್ನು ಪಟ್ಟಣದಲ್ಲಿ ಪುಡಿ ಮಾಡಿ ಅಚ್ಚು ಹಾಕುತ್ತಿದ್ದರು. ದುಂಡಗೆ, ಸಣ್ಣ ಡಬ್ಬದಷ್ಟು ಗಾತ್ರ. ಉದ್ದಕ್ಕೂ ತೂತು. ಹೆಚ್ಚಾಗಿ 22 ತೂತು. ಜೇನುಗೂಡಿನ ಹಾಗೆ ಕಾಣುತ್ತದೆ. ಅದನ್ನು ಯೊಂತಾನ್ ಅನ್ನುತ್ತಾರೆ. ಒಲೆಯಲ್ಲಿ ಇಟ್ಟರೆ ಗಂಟೆಗಟ್ಟಲೆ ಉರಿಯುತ್ತದೆ. ಅವರ ಮನೆಯಲ್ಲಿ ಒಲೆಯ ಬಿಸಿ ನೆಲದ ಅಡಿಯಲ್ಲಿ ಹರಿದು ಹೋಗುತ್ತದೆ. ನೆಲವೇ ಬೆಚ್ಚಗಾಗುತ್ತದೆ. ಅದರ ಮೇಲೆ ಹಾಸಿಗೆ ಹಾಸಿ ಮಲಗುತ್ತಾರೆ. ಆದರೆ ಉರಿದು ಮುಗಿಯುವ ಮೊದಲು ಹೊಸದು ಇಡಬೇಕು. ನಡುರಾತ್ರಿ ಎದ್ದು ಇಡುವವರು ಯಾರು? ನೀವೇ ಹೇಳಿ. ಹೌದು, ಹೆಂಗಸರೇ. ಮುಚ್ಚಿದ ಮನೆಯಲ್ಲಿ ಆ ಇದ್ದಲಿನ ವಿಷಗಾಳಿ ಸೇರಿ ಮಲಗಿದವರು ಮಲಗಿದ ಹಾಗೇ ಸತ್ತದ್ದೂ ಬಹಳ ಉಂಟು. ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಇದನ್ನು ನಾವೂ ನೆನಪಿಡಬೇಕು. ಚಳಿಗೆ ಇದ್ದಲ ಒಲೆಯನ್ನು ಕೋಣೆಯ ಒಳಗೆ ಇಟ್ಟು ಬಾಗಿಲು ಹಾಕಿ ಮಲಗಬಾರದು.

ಇನ್ನು ಗಣಿಯ ಮಾತು. ಇದನ್ನು ನಿಧಾನಕ್ಕೆ ಕೇಳಿ.

ಗಂಡಸರು ಸುರಂಗದ ಒಳಗೆ ಇಳಿಯುತ್ತಿದ್ದರು. ಕತ್ತಲು, ಧೂಳು. ಮೇಲಿನ ಬಂಡೆ ಯಾವಾಗ ಕುಸಿಯುತ್ತದೋ ಗೊತ್ತಿಲ್ಲ. ಬೆಳಿಗ್ಗೆ ಹೋದವನು ಸಂಜೆ ಬರುತ್ತಾನೆ ಎಂಬ ನಂಬಿಕೆ ಇಲ್ಲ. ಅಂಥ ಕಡೆ ಶಕುನ, ಮಡಿ, ಕಟ್ಟುಪಾಡು ಜಾಸ್ತಿ. ಗಣಿಗೆ ಹೋಗುವ ಗಂಡಸಿನ ಎದುರು ಬೆಳಿಗ್ಗೆ ಹೆಂಗಸು ಹಾದು ಹೋಗಬಾರದು. ಹೋದರೆ ಅಪಶಕುನ. ಅವನು ಅವತ್ತು ಕೆಲಸಕ್ಕೆ ಹೋಗದೆ ಮನೆಗೆ ವಾಪಸ್ ಬರುತ್ತಿದ್ದುದೂ ಉಂಟು. ಬುತ್ತಿಗೆ ನಾಲ್ಕು ಸೌಟು ಅನ್ನ ಹಾಕಬಾರದು. ಯಾಕೆ ಗೊತ್ತಾ? ಅವರ ಭಾಷೆಯಲ್ಲಿ ನಾಲ್ಕು ಎಂಬ ಮಾತೂ ಸಾವು ಎಂಬ ಮಾತೂ ಒಂದೇ ಥರ ಕೇಳುತ್ತವೆ. ಬುತ್ತಿಯನ್ನು ಕೆಂಪು ಇಲ್ಲಾ ನೀಲಿ ಬಟ್ಟೆಯಲ್ಲಿ ಕಟ್ಟಬೇಕು. ಗಂಡನ ಚಪ್ಪಲಿಯನ್ನು ಮನೆಯ ಒಳಗಡೆಗೆ ಮುಖ ಮಾಡಿ ಇಡಬೇಕು. ಆಗ ಅವನು ಮನೆಗೆ ತಿರುಗಿ ಬರುತ್ತಾನೆ.

ಈ ಕೊನೆಯದನ್ನು ಓದಿದಾಗ ನಮಗೆ ಕರುಳು ಚುರುಕ್ ಅಂತು. ಚಪ್ಪಲಿ ತಿರುಗಿಸಿ ಇಡುವ ಕೈಗಳಲ್ಲಿ ಎಷ್ಟು ಭಯ ಇದ್ದಿರಬೇಕು! ಆದರೆ ಮೊದಲನೆಯದು ನೋಡಿ. ಬಂಡೆ ಕುಸಿಯುವುದು ಆಸರೆ ಕಂಬ ಗಟ್ಟಿ ಇಲ್ಲದ್ದಕ್ಕೆ. ಬೆಂಕಿ ಹತ್ತುವುದು ಒಳಗೆ ಕೆಟ್ಟ ಗಾಳಿ ತುಂಬಿದ್ದಕ್ಕೆ. ಅಪವಾದ ಬರುವುದು ಮಾತ್ರ ದಾರಿಯಲ್ಲಿ ಹೋದ ಹೆಂಗಸಿನ ಮೇಲೆ. ವಿಧವೆ ಎದುರು ಬಂದರೆ ಕೆಲಸ ಕೆಡುತ್ತದೆ ಅನ್ನುವವರು ನಮ್ಮೂರಲ್ಲಿ ಇಲ್ಲವೇನಮ್ಮಾ? ದೇಶ ಬೇರೆ, ಮಾತು ಅದೇ.

ಇನ್ನೂ ಒಂದು ಇದೆ. ಗಂಡ ಗಣಿಯಲ್ಲಿ ಸತ್ತರೆ ಅವನ ಹೆಂಡತಿಗೆ ಅದೇ ಗಣಿಯಲ್ಲಿ ಕೆಲಸ ಕೊಡುತ್ತಿದ್ದರು. ಸುರಂಗದ ಒಳಗೆ ಅಲ್ಲ, ಮೇಲೆ. ಕಲ್ಲಿದ್ದಲು ಪಟ್ಟಿಯ ಮೇಲೆ ಹರಿದು ಬರುತ್ತದೆ. ಅದರಲ್ಲಿ ಕಲ್ಲು, ಮರದ ಚೂರು, ಕಬ್ಬಿಣದ ತುಂಡು ಸೇರಿರುತ್ತದೆ. ಪಟ್ಟಿಯ ಪಕ್ಕ ಸಾಲಾಗಿ ನಿಂತು ಅದನ್ನು ಕೈಯಿಂದ ಆರಿಸಿ ತೆಗೆಯಬೇಕು. ನಾವು ಮೊರದಲ್ಲಿ ಅಕ್ಕಿ ಆರಿಸುತ್ತೀವಲ್ಲ, ಹಾಗೆ. ಆದರೆ ಮೊರ ನಿಲ್ಲುತ್ತದೆ, ಪಟ್ಟಿ ನಿಲ್ಲುವುದಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿದ್ದರೂ ಧೂಳು ಒಳಗೆ ಹೋಗುತ್ತದೆ. ವರ್ಷಗಟ್ಟಲೆ ಧೂಳು ಕುಡಿದು ಶ್ವಾಸಕೋಶ ಕಲ್ಲಾದಂತೆ ಆಗುವ ಕಾಯಿಲೆ ಉಂಟು. ಅದು ಗಂಡಸರಿಗೆ ಬಂದ ಹಾಗೇ ಈ ಹೆಂಗಸರಿಗೂ ಬಂತು. ಎದುರು ಬಂದರೆ ಅಪಶಕುನ ಎಂದವರೇ, ಕಲ್ಲು ಆರಿಸಲು ಹೆಂಗಸು ಬೇಕು ಎಂದರು. ಅವಳಿಗೂ ಬೇರೆ ದಾರಿ ಇರಲಿಲ್ಲ. ಮಕ್ಕಳ ಹೊಟ್ಟೆ ತುಂಬಬೇಕಲ್ಲ.

ಹೀಗೆ ಬಂದ ಕಲ್ಲಿದ್ದಲನ್ನು ಹೊತ್ತು ರೈಲು ಗುಜೊಲ್‌ರಿಯಿಂದ ಕೆಳಗೆ ಇಳಿಯುತ್ತಿತ್ತು. ಊರಲ್ಲಿ ಅಂಗಡಿ ಬಂತು, ಶಾಲೆ ಬಂತು, ಹೋಟೆಲು ಬಂತು. ನಾಯಿಯ ಬಾಯಲ್ಲೂ ನೋಟು ಇತ್ತು ಅಂತ ಗಣಿ ಊರುಗಳ ಬಗ್ಗೆ ಅಲ್ಲಿನವರು ತಮಾಷೆ ಮಾಡುತ್ತಿದ್ದರಂತೆ. ತಮಾಷೆ ಏನೋ ಸರಿ. ಆದರೆ 1980ರಲ್ಲಿ ಇದೇ ಸೀಮೆಯ ಸಾಬುಕ್ ಎಂಬ ಊರಲ್ಲಿ ಗಣಿ ಕೆಲಸಗಾರರು ಕೂಲಿಗಾಗಿ ದೊಡ್ಡ ಹೋರಾಟ ಮಾಡಿದರು. ಹೆಂಗಸರೂ ಬೀದಿಗೆ ಇಳಿದರು. ನೋಟು ಎಲ್ಲರ ಕೈಗೂ ಬಂದಿರಲಿಲ್ಲ ಎಂದು ಇದರಿಂದಲೇ ತಿಳಿಯುತ್ತದೆ.

ಆಮೇಲೆ ಕಾಲ ಬದಲಾಯಿತು. ಮನೆಗಳಿಗೆ ಎಣ್ಣೆ ಬಂತು, ಗ್ಯಾಸ್ ಬಂತು. ಕಲ್ಲಿದ್ದಲು ಕೇಳುವವರು ಕಡಿಮೆಯಾದರು. 1988ರಲ್ಲಿ ಆ ದೇಶದಲ್ಲಿ 347 ಕಲ್ಲಿದ್ದಲು ಗಣಿ ಇದ್ದವು. 1989ರಲ್ಲಿ ಸರ್ಕಾರ ಲಾಭ ಇಲ್ಲದ ಗಣಿಗಳನ್ನು ಮುಚ್ಚಿಸಲು ಹೊರಟಿತು. ಕೆಲವೇ ವರ್ಷದಲ್ಲಿ ಹೆಚ್ಚಿನವು ಮುಚ್ಚಿದವು. ಸರ್ಕಾರದ ಕೈಯಲ್ಲಿದ್ದ ಕೊನೇ ಗಣಿ 2025ರಲ್ಲಿ ಮುಚ್ಚಿತು.

ಗಣಿ ಮುಚ್ಚಿದರೆ ಊರು ಏನಾಗುತ್ತದೆ? ಗಂಟು ಮೂಟೆ ಕಟ್ಟಿಕೊಂಡು ಜನ ಪಟ್ಟಣಕ್ಕೆ ಹೊರಟರು. ಮನೆಗಳಿಗೆ ಬೀಗ ಬಿತ್ತು. ಉಳಿದವರು ವಯಸ್ಸಾದವರು.

ರೈಲು ಮಾತ್ರ ಇನ್ನೂ ಬರುತ್ತಿತ್ತು. ಒಂದು ಎಂಜಿನ್, ಅದರ ಹಿಂದೆ ಒಂದೋ ಎರಡೋ ಡಬ್ಬಿ. ಅಷ್ಟೇ. ಆ ಥರದ ರೈಲಿಗೆ ಅವರು ಇಟ್ಟ ಹೆಸರು ಬಿದುಲ್ಗಿ. ಅಂದರೆ ಪಾರಿವಾಳ. ಎಲ್ಲಾ ನಿಲ್ದಾಣದಲ್ಲೂ ನಿಲ್ಲುವ, ಎಲ್ಲಕ್ಕಿಂತ ಕಡಿಮೆ ಚಾರ್ಜಿನ ರೈಲು. ನಮ್ಮ ಪ್ಯಾಸೆಂಜರ್ ಗಾಡಿ ಇದ್ದ ಹಾಗೆ. ದೇಶದ ಬೇರೆ ಕಡೆ ಪಾರಿವಾಳ ರೈಲು ನಿಂತ ಮೇಲೂ ಈ ಬೆಟ್ಟದ ಹಳಿಯಲ್ಲಿ ಓಡಿತು. 2000ದ ನವೆಂಬರಿನಲ್ಲಿ ಇಲ್ಲೂ ನಿಂತಿತು. ಆಮೇಲೆ ಬೇರೆ ಹೆಸರಿನ ರೈಲು ಕೆಲವು ವರ್ಷ ಬಂತು.

ಜೊಂಗ್‌ಸನ್ ಪಟ್ಟಣದಲ್ಲಿ ಐದು ದಿನಕ್ಕೊಮ್ಮೆ ಸಂತೆ. ತಾರೀಖು 2, 7, 12, 17, 22, 27. ಸೊಪ್ಪು, ಬೇರು, ಒಣಗಿದ ಅಣಬೆ, ಜೋಳ ಇವೆಲ್ಲಾ ಅಲ್ಲಿ ಮಾರಾಟ. ಮಾರುವವರಲ್ಲಿ ಅಜ್ಜಿಯರೇ ಜಾಸ್ತಿ. ಇಂಥ ಸಣ್ಣ ರೈಲು ಯಾರಿಗೆ ಬೇಕು ಅಂತ ಕಚೇರಿಯಲ್ಲಿ ಕೂತು ಲೆಕ್ಕ ಹಾಕಬಹುದು. ತಲೆಯ ಮೇಲೆ ಗಂಟು ಹೊತ್ತು ನಿಂತವರಿಗೆ ಲೆಕ್ಕ ಬೇರೆ.

2004ರಲ್ಲಿ ಆವುರಾಜಿಯಿಂದ ಗುಜೊಲ್‌ರಿಗೆ ರೈಲು ಬರುವುದೂ ನಿಂತುಹೋಯಿತು. ಕೊನೆಯ 7.2 ಕಿಲೋಮೀಟರ್ ಹಳಿ ಖಾಲಿ ಬಿತ್ತು. ಖಾಲಿ ಬಿದ್ದ ಹಳಿಯನ್ನು ಸಾಮಾನ್ಯವಾಗಿ ಏನು ಮಾಡುತ್ತಾರೆ? ಕಿತ್ತು ಗುಜರಿಗೆ ಹಾಕುತ್ತಾರೆ. ಇಲ್ಲಿ ಹಾಗೆ ಮಾಡಲಿಲ್ಲ. 2005ರಲ್ಲಿ ಅದರ ಮೇಲೆ ಸೈಕಲ್ ಬಿಟ್ಟರು.

ಈಗ ಹತ್ತೋಣ ಬನ್ನಿ.

ಸೈಕಲ್ ಅಂದ ಕೂಡಲೇ ಎರಡು ಚಕ್ರ ಅಂದ್ಕೋಬೇಡಿ. ಇದಕ್ಕೆ ನಾಲ್ಕು ಚಕ್ರ. ನಾಲ್ಕೂ ಕಬ್ಬಿಣದವು, ರೈಲಿನ ಚಕ್ರದ ಥರ. ಚಕ್ರದ ಒಳ ಅಂಚಿನಲ್ಲಿ ಒಂದು ತುಟಿ ಇರುತ್ತದೆ. ರೊಟ್ಟಿ ತಟ್ಟುವ ತಟ್ಟೆಯ ಅಂಚು ಎದ್ದಿರುತ್ತಲ್ಲ, ಹಾಗೆ. ಆ ತುಟಿ ಹಳಿಯ ಒಳಮೈಗೆ ತಾಗಿಕೊಂಡು ಹೋಗುತ್ತದೆ. ಅದಕ್ಕೇ ಚಕ್ರ ಹಳಿ ಬಿಟ್ಟು ಪಕ್ಕಕ್ಕೆ ಜಾರುವುದಿಲ್ಲ. ರೈಲು ಓಡುವುದೂ ಇದೇ ಉಪಾಯದಿಂದ. ಆದ್ದರಿಂದ ಇದಕ್ಕೆ ತಿರುಗಿಸುವ ಹ್ಯಾಂಡಲ್ ಬೇಕಿಲ್ಲ. ಹಳಿ ಎಲ್ಲಿ ತಿರುಗುತ್ತದೋ ಸೈಕಲ್ ಅಲ್ಲಿ ತಿರುಗುತ್ತದೆ.

ಆ ದೇಶದ ಎರಡು ಹಳಿಗಳ ನಡುವೆ 4 ಅಡಿ ಎಂಟೂವರೆ ಇಂಚು ಅಂತರ. ನಮ್ಮ ದೊಡ್ಡ ಹಳಿಗೆ 5 ಅಡಿ 6 ಇಂಚು. ಹಿಂದೆ ನಮ್ಮ ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಓಡುತ್ತಿದ್ದ ಸಣ್ಣ ರೈಲಿನ ಹಳಿಗೆ ಬರೀ 2 ಅಡಿ 6 ಇಂಚು. ಅದು ಈಗ ಇಲ್ಲ, ದೊಡ್ಡ ಹಳಿ ಹಾಕಿದ್ದಾರೆ. ನಿಮ್ಮಲ್ಲಿ ದೊಡ್ಡವರಿಗೆ ಆ ರೈಲಿನ ನೆನಪು ಇರಬಹುದು. ಟೇಪು ಇದ್ದರೆ ಈ ಮೂರು ಅಳತೆಯನ್ನು ನೆಲದ ಮೇಲೆ ಗೆರೆ ಎಳೆದು ನೋಡಿ. ಅಂದಾಜು ಸಿಗುತ್ತದೆ.

ಎರಡು ಸೀಟಿನ ಸೈಕಲ್ ಉಂಟು, ನಾಲ್ಕು ಸೀಟಿನದೂ ಉಂಟು. ಕುರ್ಚಿಯ ಥರ ಒರಗು ಇರುವ ಸೀಟು. ಕಾಲ ಹತ್ತಿರ ಪೆಡಲ್. ಪೆಡಲ್ ತುಳಿದರೆ ಚೈನ್ ತಿರುಗಿ ಚಕ್ರ ತಿರುಗುತ್ತದೆ. ನಿಲ್ಲಿಸಲು ಕೈಯಲ್ಲಿ ಹಿಡಿಯುವ ಬ್ರೇಕ್ ಇದೆ. ಮುಂದಿನ ಸೈಕಲ್ಲಿಗೂ ನಮಗೂ ನಡುವೆ ಜಾಗ ಬಿಟ್ಟು ಹೋಗಬೇಕು. ಯಾಕಂದ್ರೆ ಪಕ್ಕಕ್ಕೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಿಂದೆ ಹಾಕಿ ಮುಂದೆ ಹೋಗಲೂ ಆಗುವುದಿಲ್ಲ. ಒಂದರ ಹಿಂದೆ ಒಂದು, ಇರುವೆ ಸಾಲಿನ ಹಾಗೆ.

ಇಷ್ಟು ಭಾರದ ಗಾಡಿಯನ್ನು ಕಾಲಲ್ಲಿ ತುಳಿಯಲು ಆಗುತ್ತಾ ಅಂತ ಕೇಳಬಹುದು. ಆಗುತ್ತದೆ. ಮಣ್ಣಿನ ದಾರಿಯಲ್ಲಿ ಎತ್ತಿನ ಗಾಡಿಯ ಚಕ್ರ ಹೂತು ಎಳೆಯಲು ಕಷ್ಟ. ಟಾರು ರಸ್ತೆಯಲ್ಲಿ ಸುಲಭ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರ ಇನ್ನೂ ಸುಲಭ. ಎರಡೂ ಗಟ್ಟಿ. ಚಕ್ರ ಹೂಳುವುದಿಲ್ಲ, ಚಪ್ಪಟೆ ಆಗುವುದಿಲ್ಲ. ಬಲ ವ್ಯರ್ಥ ಆಗುವುದು ಕಡಿಮೆ. ನಮ್ಮ ರೈಲ್ವೆಯಲ್ಲಿ ಟ್ರಾಲಿ ಅಂತ ಒಂದು ತಳ್ಳುಗಾಡಿ ಇದೆ, ನೋಡಿದ್ದೀರಾ? ಸಾಹೇಬರು ಛತ್ರಿ ಕೆಳಗೆ ಕೂತಿರುತ್ತಾರೆ. ಕೆಲಸದವರು ಬರಿಯ ಹಳಿಯ ಮೇಲೆ ಓಡುತ್ತಾ ತಳ್ಳಿ, ವೇಗ ಬಂದ ಮೇಲೆ ತಾವೂ ಹತ್ತಿ ಕೂರುತ್ತಾರೆ. ಸ್ವಲ್ಪ ದೂರ ಅದು ತಾನಾಗೇ ಓಡುತ್ತದೆ. ಅದೂ ಇದೇ ಕಾರಣಕ್ಕೆ. ಗುಜೊಲ್‌ರಿಯಲ್ಲಿ ಇನ್ನೊಂದು ಅನುಕೂಲ: ದಾರಿ ಹೆಚ್ಚು ಪಾಲು ಇಳಿಜಾರು.

ಇದನ್ನು ಕೇಳಿ ಯಾರೂ ನಮ್ಮೂರ ಹಳಿಯ ಮೇಲೆ ಏನನ್ನೂ ಓಡಿಸಲು ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ! ನಮ್ಮ ಹಳಿಯಲ್ಲಿ ರೈಲು ಬರುತ್ತದೆ. ಹಳಿಯ ಮೇಲೆ ನಡೆಯುವುದೂ ಕಾನೂನಿಗೆ ವಿರುದ್ಧ. ಗುಜೊಲ್‌ರಿಯಲ್ಲಿ ಈ 7.2 ಕಿಲೋಮೀಟರಿಗೆ ಬೇರೆ ರೈಲುಗಳ ಓಡಾಟ ನಿಲ್ಲಿಸಿಯೇ ಸೈಕಲ್ ಬಿಟ್ಟಿರುವುದು.

ಹೊರಟೆವು. ನಿಲ್ದಾಣದ ಹತ್ತಿರವೇ ಒಂದು ದೊಡ್ಡ ಮಿಡತೆ ಕಾಣುತ್ತದೆ. ಹೆದರಬೇಡಿ. ಎರಡು ಹಳೆಯ ರೈಲು ಡಬ್ಬಿಗಳನ್ನು ಒಂದರ ಮೇಲೆ ಒಂದು ಇಟ್ಟು ಮಿಡತೆಯ ಆಕಾರ ಮಾಡಿದ್ದಾರೆ. ಒಳಗೆ ಹೋಟೆಲು. ಮಕ್ಕಳಿಗೆ ಅದು ಬಹಳ ಇಷ್ಟವಂತೆ. ನಮಗೆ ಅಷ್ಟೇನೂ ಚಂದ ಕಾಣಲಿಲ್ಲ, ಆ ಮಾತು ಬೇರೆ.

ಪಕ್ಕದಲ್ಲಿ ಸೊಂಗ್‌ಚೊನ್ ಎಂಬ ಹೊಳೆ. ಹಳಿ ಹೊಳೆಯ ಜೊತೆಯಲ್ಲೇ ಹೋಗುತ್ತದೆ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ನೀರು. ನಡುನಡುವೆ ಹೊಲ. ಹೊಲದಲ್ಲಿ ಕೆಲಸ ಮಾಡುವವರು ತಲೆ ಎತ್ತಿ ನೋಡುತ್ತಾರೆ. ಕಟಕ್ ಕಟಕ್ ಅಂತ ಹಳಿಯ ಸದ್ದು. ಆಮೇಲೆ ಸುರಂಗ. ಒಳಗೆ ಹೋದ ಕೂಡಲೇ ಬಿಸಿಲಿನಲ್ಲೂ ತಣ್ಣಗಾಗುತ್ತದೆ. ಜನ ಕೂಗು ಹಾಕಿ ತಮ್ಮ ದನಿ ತಿರುಗಿ ಬರುವುದನ್ನು ಕೇಳಿ ನಗುತ್ತಾರೆ. ಹಿಂದೆ ಇದೇ ಸುರಂಗದಲ್ಲಿ ಕಲ್ಲಿದ್ದಲ ರೈಲು ಹೋಗುತ್ತಿತ್ತು.

ಮುಗಿಸಲು ಮುಕ್ಕಾಲು ಗಂಟೆ ಸುಮಾರು. ಓಟ ಸೈಕಲ್ಲಿನ ಮಾಮೂಲಿ ಓಟವೇ.

ಇಲ್ಲಿ ಹೆಂಗಸರೂ ತುಳಿಯುತ್ತಾರಾ? ತುಳಿಯುತ್ತಾರೆ. ಅಜ್ಜಿಯರೂ ಕೂರುತ್ತಾರೆ. ನಾಲ್ಕು ಚಕ್ರ ಇರುವುದರಿಂದ ಬೀಳುವ ಭಯ ಇಲ್ಲ. ಸೈಕಲ್ ಕಲಿಯದವರೂ ಹತ್ತಬಹುದು. ಇದನ್ನು ಓದುವಾಗ ನಮಗೆ ಬೇರೆ ಒಂದು ಸೈಕಲ್ ನೆನಪಾಯಿತು. ಅದು ದೂರದ್ದಲ್ಲ, ಪಕ್ಕದ ತಮಿಳುನಾಡಿನದು. 1990ರ ದಶಕದ ಶುರುವಿನಲ್ಲಿ ಅಲ್ಲಿನ ಪುದುಕ್ಕೋಟೆ ಜಿಲ್ಲೆಯಲ್ಲಿ ಅಕ್ಷರ ಕಲಿಸುವ ಆಂದೋಲನ ನಡೆಯಿತು. ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಜಿಲ್ಲಾ ಕಲೆಕ್ಟರ್ ಆಗಿದ್ದವರೂ ಒಬ್ಬ ಹೆಂಗಸು, ಶೀಲಾ ರಾಣಿ ಚುಂಕತ್. ಕೂಲಿ ಮಾಡುವವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು ಎಲ್ಲರೂ ಕಲಿತರು. ಬೀದಿಯಲ್ಲಿ ಆಡಿಕೊಂಡು ನಕ್ಕವರು ಬಹಳ. ನಗಲಿ ಎಂದು ಇವರು ತುಳಿದರು. ಹೆಂಗಸರ ಸೈಕಲ್ ಸಾಲದೆ ಗಂಡಸರ ಸೈಕಲನ್ನೇ ತುಳಿದರು. ನಡುವೆ ಅಡ್ಡ ಕಂಬಿ ಇದ್ದರೆ ಒಳ್ಳೆಯದೇ, ಅದರ ಮೇಲೆ ಮಗುವನ್ನು ಕೂರಿಸಬಹುದು ಅಂದರಂತೆ! ನೀರು ತರಲು, ಸಂತೆಗೆ ಹೋಗಲು ಗಂಡನನ್ನೋ ಬಸ್ಸನ್ನೋ ಕಾಯುವುದು ತಪ್ಪಿತು.

ಹಳಿಯ ಸೈಕಲ್ ಆಟದ್ದು. ಪುದುಕ್ಕೋಟೆಯ ಸೈಕಲ್ ಕೆಲಸದ್ದು. ಎರಡೂ ಬೇಕು. ದುಡಿಯುವ ಹೆಂಗಸಿಗೆ ಮುಕ್ಕಾಲು ಗಂಟೆ ಆಟ ಬೇಡವೇ? ಬರೀ ಗಂಡಸರು, ಮಕ್ಕಳು ಆಡಬೇಕು ಅಂತ ಎಲ್ಲಿ ಬರೆದಿದೆ?

ಆವುರಾಜಿ ಬಂತು, ಇಳಿಯಿರಿ. ಇಲ್ಲೂ ಹಳೆಯ ಡಬ್ಬಿಯಿಂದ ಮಾಡಿದ ಒಂದು ಹೋಟೆಲು ಇದೆ, ಇದು ಮೀನಿನ ಆಕಾರ. ಇಲ್ಲಿ ಎರಡು ಹೊಳೆ ಸೇರುತ್ತವೆ. ನಮ್ಮ ಜೊತೆ ಬಂದ ಸೊಂಗ್‌ಚೊನ್, ಇನ್ನೊಂದು ಗೊಲ್ಜಿಚೊನ್. ಆವುರಾಜಿ ಎಂಬ ಹೆಸರಿಗೂ ಕೂಡುವುದು ಎಂದೇ ಅರ್ಥ ಹೇಳುತ್ತಾರೆ. ನಮ್ಮಲ್ಲಿ ಕೂಡಲಿ, ಕೂಡಲ ಎಂಬ ಊರು ಇಲ್ಲವೇ? ಹಾಗೆ. ಈ ನೀರು ಹರಿದು ಹರಿದು ಹಾನ್ ಎಂಬ ದೊಡ್ಡ ನದಿ ಸೇರುತ್ತದೆ. ಆ ನದಿಯ ದಂಡೆಯ ಮೇಲೆಯೇ ರಾಜಧಾನಿ ಸೋಲ್ ಇದೆ. ರೈಲು ಇಲ್ಲದ ಕಾಲದಲ್ಲಿ ಇಲ್ಲಿನ ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ, ಅದರ ಮೇಲೆ ನಿಂತು ರಾಜಧಾನಿಯವರೆಗೆ ತೇಲಿಸಿಕೊಂಡು ಹೋಗುತ್ತಿದ್ದರು. ಹೋದವರು ಎಲ್ಲರೂ ತಿರುಗಿ ಬರುತ್ತಿರಲಿಲ್ಲ. ಸುಳಿಗೆ ಸಿಕ್ಕಿ ಸತ್ತವರು ಬಹಳ ಮಂದಿ.

ಹೊಳೆಯ ದಂಡೆಯಲ್ಲಿ ಒಬ್ಬ ಹುಡುಗಿಯ ಪ್ರತಿಮೆ ನಿಂತಿದೆ. ಅವಳ ಕಥೆ ಹೀಗೆ. ಹುಡುಗಿ ಈ ದಡದ ಊರಿನವಳು. ಹುಡುಗ ಆ ದಡದವನು. ನಾಳೆ ಸಿಗೋಣ ಅಂತ ಮಾತಾಗಿತ್ತು. ರಾತ್ರಿ ಮಳೆ ಸುರಿಯಿತು. ಹೊಳೆ ತುಂಬಿತು. ದೋಣಿ ಇಲ್ಲ. ಅವಳು ಇಲ್ಲಿ, ಅವನು ಅಲ್ಲಿ. ಈ ನೋವಿನ ಪದವನ್ನು ಆ ಸೀಮೆಯವರು ಇವತ್ತಿಗೂ ಹಾಡುತ್ತಾರೆ. ಆ ಹಾಡಿಗೆ ಜೊಂಗ್‌ಸನ್ ಅರಿರಂಗ್ ಎಂದು ಹೆಸರು. ಅದಕ್ಕೆ ಸಾವಿರಾರು ಪದಗಳಿವೆ. ಯಾರೋ ಒಬ್ಬ ಕವಿ ಕೂತು ಬರೆದದ್ದಲ್ಲ. ಹೊಲ ಕೀಳುತ್ತಾ, ತೆಪ್ಪ ನಡೆಸುತ್ತಾ, ಅತ್ತೆ ಮನೆಯ ಕಷ್ಟ ನೆನೆಯುತ್ತಾ ಜನ ಕಟ್ಟಿದ್ದು. ಹೆಂಗಸರು ಕಟ್ಟಿದ ಪದಗಳೂ ಅದರಲ್ಲಿ ಬಹಳ. ನಮ್ಮ ಬೀಸುವ ಪದ, ಕುಟ್ಟುವ ಪದ ಇದ್ದ ಹಾಗೆ. ಅಕ್ಷರ ಬರದಿದ್ದರೂ ಪದ ಕಟ್ಟಲು ಅವರಿಗೆ ಬರುತ್ತಿತ್ತು. ಕೊರಿಯದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ಅರಿರಂಗ್ ಇದೆ. 2012ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೋ ಅದನ್ನು ಮಾನವ ಕುಲದ ಆಸ್ತಿಗಳ ಪಟ್ಟಿಗೆ ಸೇರಿಸಿತು.

ಅಂದ ಹಾಗೆ, ಅದೇ ದೇಶದ ಚಿಲ್ಗೊಕ್ ಎಂಬ ಕಡೆ ಎಪ್ಪತ್ತು ಎಂಬತ್ತು ವರ್ಷ ದಾಟಿದ ಅಜ್ಜಿಯರು ಅಕ್ಷರ ಕಲಿತು ಕವನ ಬರೆದಿದ್ದಾರೆ. ಚಿಕ್ಕವರಿದ್ದಾಗ ಹೆಣ್ಣುಮಕ್ಕಳಿಗೆ ಶಾಲೆ ಯಾಕೆ ಅಂತ ಮನೆಯವರು ಕಳಿಸಿರಲಿಲ್ಲ. ಅವರ ಕೈಬರಹವನ್ನೇ ತೆಗೆದುಕೊಂಡು 2020ರಲ್ಲಿ ಕಂಪ್ಯೂಟರಿಗೆ ಅಕ್ಷರದ ಅಚ್ಚು ಮಾಡಿದರು. ಅಜ್ಜಿಯ ಸೊಟ್ಟ ಅಕ್ಷರ ಈಗ ಅಚ್ಚಿನ ಅಕ್ಷರ. ನಮ್ಮ ಅಕ್ಷರ ಸೊಟ್ಟ ಎಂದು ನಾಚುವವರು ಇದನ್ನು ಕೇಳಿಸಿಕೊಳ್ಳಿ.

ಸರಿ, ವಾಪಸ್ ಹೋಗಬೇಕಲ್ಲ. ಈಗ ಏರುದಾರಿ. ತುಳಿಯುವುದು ಬೇಡ. ಒಂದು ಸಣ್ಣ ರೈಲು ಬಂದು ಎಲ್ಲರನ್ನೂ ಹತ್ತಿಸಿಕೊಂಡು ಗುಜೊಲ್‌ರಿಗೆ ಬಿಡುತ್ತದೆ. ಅದರ ಕಿಟಕಿಯಲ್ಲಿ ಕೂತು ಮಾತಾಡುತ್ತಾ ಹೋಗೋಣ.

ಇದರಿಂದ ಆ ಊರಿಗೆ ಒಳ್ಳೆಯದಾಯಿತೇ? ಆಯಿತು ಅಂತಲೇ ನಮಗೆ ಅನಿಸುತ್ತದೆ. ಹಳಿ ಗುಜರಿಗೆ ಹೋಗಲಿಲ್ಲ. ಟಿಕೆಟ್ ಕೊಡುವವರು, ಸೈಕಲ್ ರಿಪೇರಿ ಮಾಡುವವರು, ಅಡಿಗೆ ಮಾಡುವವರು, ಸೊಪ್ಪು ಮಾರುವ ಅಜ್ಜಿ, ಹೀಗೆ ಕೆಲವರಿಗೆ ಕೆಲಸ ಸಿಕ್ಕಿತು. ಇದನ್ನು ನೋಡಿ ಆ ದೇಶದ ಬೇರೆ ಊರುಗಳೂ ಹಳಿಯ ಮೇಲೆ ಸೈಕಲ್ ಬಿಟ್ಟವು. 2010ರಲ್ಲಿ ಸಮ್‌ಚೊಕ್ ಎಂಬ ಕಡೆ ಸಮುದ್ರದ ಪಕ್ಕ, 2012ರಲ್ಲಿ ಗಂಗ್‌ಚೊನ್ ಎಂಬ ಕಡೆ ನದಿಯ ಪಕ್ಕ.

ಆದರೆ ಗಣಿ ಇದ್ದಾಗ ಬದುಕುತ್ತಿದ್ದ ಅಷ್ಟು ಮನೆಗಳು ಸೈಕಲ್ಲಿನಿಂದ ಬದುಕಲು ಆಗುವುದಿಲ್ಲ. ಬಿಟ್ಟು ಹೋದವರು ತಿರುಗಿ ಬಂದಿಲ್ಲ. ಪಟ್ಟಿಯ ಪಕ್ಕ ನಿಂತು ಕಲ್ಲು ಆರಿಸಿದ ಹೆಂಗಸರ ಎದೆಯ ಧೂಳನ್ನು ಯಾವ ಸೈಕಲ್ಲೂ ತೆಗೆಯುವುದಿಲ್ಲ. ನೋಡಲು ಬಂದವರು ಬೆಟ್ಟ ಚಂದ, ಹೊಳೆ ಚಂದ ಅಂತ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಆ ಬೆಟ್ಟದ ಒಳಗೆ ಇಳಿದವರ ಕಥೆಯನ್ನೂ ಅಲ್ಲಿ ಹೇಳಬೇಕು. ಇದೇ ಜೊಂಗ್‌ಸನ್ ಸೀಮೆಯ ಗೊಹಾನ್ ಎಂಬ ಊರಲ್ಲಿ ಅಂಥ ಒಂದು ಜಾಗ ಇದೆ. 2001ರಲ್ಲಿ ಮುಚ್ಚಿದ ಗಣಿಯನ್ನು 2013ರಲ್ಲಿ ನೋಡುವ ಮನೆಯಾಗಿ ತೆರೆದರು. ಕೆಲಸಗಾರರು ಬೂಟು ತೊಳೆಯುತ್ತಿದ್ದ ಜಾಗ, ಸ್ನಾನ ಮಾಡುತ್ತಿದ್ದ ಕೋಣೆ, ಹಾಗೇ ಉಳಿಸಿದ್ದಾರೆ.

2001 ಅಂದಾಗ ನಿಮಗೆ ಏನಾದರೂ ಹೊಳೆಯಿತೇ? ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿದ್ದೂ ಅದೇ ವರ್ಷ, ಫೆಬ್ರವರಿ 28ಕ್ಕೆ. 3 ಕಿಲೋಮೀಟರಿಗಿಂತ ಆಳ ಇಳಿದಿದ್ದ ಗಣಿ. ಅಲ್ಲೂ ಧೂಳಿನ ಕಾಯಿಲೆ ಇತ್ತು. ಅಲ್ಲೂ ಸಂಜೆ ಬಾಗಿಲಲ್ಲಿ ಕಾದ ಹೆಂಗಸರು ಇದ್ದರು. ಆ ಗಣಿಗೆಂದೇ 1894ರಲ್ಲಿ ಹಾಕಿದ ರೈಲು ದಾರಿ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುತ್ತದೆ. ಗುಜೊಲ್‌ರಿಯಲ್ಲಿ ಗಣಿ ಮುಚ್ಚಿ, ಜನ ಹೋಗಿ, ರೈಲೂ ನಿಂತಿತು. ನಮ್ಮಲ್ಲಿ ಗಣಿ ಮುಚ್ಚಿತು, ಜನ ಉಳಿದರು. ಉಳಿದವರು ಬದುಕಬೇಕಲ್ಲ? ಗಂಡಸರು, ಹೆಂಗಸರು, ಓದಿದ ಮಕ್ಕಳು ಕತ್ತಲಿರುವಾಗಲೇ ಎದ್ದು ಮಾರಿಕುಪ್ಪದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ತಿರುಗಿ ಬರುತ್ತಾರೆ. ಅವರ ಹಳಿ ಆಟದ್ದಾಯಿತು. ನಮ್ಮದು ಇನ್ನೂ ಅನ್ನದ್ದು.

ನಿಮ್ಮ ಮನೆಯಿಂದಲೂ ಆ ರೈಲಿಗೆ ಹೋಗುವವರು ಇದ್ದಾರೆ ಅಂತ ನಮಗೆ ಗೊತ್ತು. ಎಷ್ಟು ಗಂಟೆಗೆ ಏಳುತ್ತಾರೆ, ಸೀಟು ಸಿಗುತ್ತದಾ, ಹೆಂಗಸರ ಡಬ್ಬಿಯಲ್ಲಿ ಎಷ್ಟು ಜನ ನಿಂತಿರುತ್ತಾರೆ, ಮುಂದಿನ ವಾರ ನೀವು ಹೇಳಿ, ನಾವು ಕೇಳ್ತೀವಿ. ಹೇಳುವುದಕ್ಕಿಂತ ನಾಲ್ಕು ಸಾಲು ಬರೆದು ತಂದರೆ ಇನ್ನೂ ಸಂತೋಷ.